ಸಿಎಂಎಸ್ ಆರಿಸುವ ಮುಂಚೆ, ದಿನಾ ಅದನ್ನು ಬಳಸುವವರನ್ನು ಕೂರಿಸಿ ನೋಡಿ

ಮಾನ್ಯ ಸಂಪಾದಕರೇ,

ನಾನು ಬೇರೆಯವರಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸದವನು. ನಿಮ್ಮ ಓದುಗರಲ್ಲಿ ಸೈಟ್ ಮಾಡಿಸುವವರೂ ಇದ್ದಾರೆ, ಮಾಡಿಕೊಡುವವರೂ ಇದ್ದಾರೆ. ಇಬ್ಬರಿಗೂ ಹೇಳಬೇಕಾದ ಒಂದು ಮಾತು ಬಹಳ ದಿನದಿಂದ ಮನಸ್ಸಿನಲ್ಲಿತ್ತು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಜಾಗ ಸಾಲದಿದ್ದರೆ ಕತ್ತರಿಸಿ, ಆದರೆ ನೋಟ್‌ಬುಕ್ಕಿನ ವಿಷಯ ಮಾತ್ರ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಕೋಡ್ ಮುಟ್ಟದೆ ಸೈಟಿನಲ್ಲಿ ಬರಹ, ಫೋಟೊ, ಪ್ರಕಟಣೆ ಹಾಕುವುದಕ್ಕೆ, ತಿದ್ದುವುದಕ್ಕೆ ಇರುವ ತಂತ್ರಾಂಶಕ್ಕೆ ಸಿಎಂಎಸ್ ಅನ್ನುತ್ತಾರೆ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ, ಘೋಸ್ಟ್, ಇವೆಲ್ಲ ಅದೇ ಜಾತಿಯವು. ಹೊಸ ಸೈಟ್ ಮಾಡಿಸಬೇಕು ಅಂದಾಗ ಇದರಲ್ಲಿ ಯಾವುದು ಅನ್ನುವ ಪ್ರಶ್ನೆ ಮೊದಲ ಮೀಟಿಂಗಿನಲ್ಲೇ ಬರುತ್ತದೆ. ಆ ಮೀಟಿಂಗಿನಲ್ಲಿ ಯಾರಿರುತ್ತಾರೆ? ಸಂಸ್ಥೆಯ ಮುಖ್ಯಸ್ಥರು, ಲೆಕ್ಕ ನೋಡುವವರು, ನಮ್ಮಂಥ ಡೆವಲಪರ್. ಮುಂದಿನ ಐದಾರು ವರ್ಷ ಪ್ರತಿದಿನ ಆ ಸೈಟಿನೊಳಗೆ ಕೂತು ಕೆಲಸ ಮಾಡಬೇಕಾದವರು ಮಾತ್ರ ಇರುವುದಿಲ್ಲ. ಅವರು ಹೊರಗೆ ತಮ್ಮ ಮೇಜಿನ ಮುಂದೆ ಇರುತ್ತಾರೆ. ನನ್ನ ದೂರು ಇಷ್ಟೇ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಂಸ್ಥೆಗೆ ಡ್ರೂಪಲ್ 7ರಲ್ಲಿ ಸೈಟ್ ಮಾಡಿಕೊಟ್ಟೆ. ಯಾಕೆ ಡ್ರೂಪಲ್? ನನಗೆ ಅದು ಚೆನ್ನಾಗಿ ಬರುತ್ತಿತ್ತು, ಅಷ್ಟೇ ಕಾರಣ. ಪ್ರಕಟಣೆಗೆ ಒಂದು ನಮೂನೆ, ಕಾರ್ಯಕ್ರಮಕ್ಕೆ ಇನ್ನೊಂದು, ಮುಖಪುಟದಲ್ಲಿ ತಾನಾಗಿ ಬಂದು ಕೂರುವ ಪಟ್ಟಿ, ಎಲ್ಲ ಅಚ್ಚುಕಟ್ಟಾಗಿ ಮಾಡಿದ್ದೆ. ಒಂದು ಮಧ್ಯಾಹ್ನ ತರಬೇತಿ ಕೊಟ್ಟು ಬಂದೆ. ಆಮೇಲೆ ನೋಡಿದರೆ ಸೈಟಿನಲ್ಲಿ ಹೊಸದೇನೂ ಬರುತ್ತಿಲ್ಲ. ‘ಇತ್ತೀಚಿನ ಸುದ್ದಿ’ ಅನ್ನುವ ಜಾಗದಲ್ಲಿ ಎಂಟು ತಿಂಗಳು ಹಳೆಯ ಸುದ್ದಿ. ಏನಾದರೂ ತುರ್ತು ಇದ್ದರೆ ನನಗೆ ಮೇಲ್ ಕಳಿಸುತ್ತಿದ್ದರು, ನಾನು ಹಾಕುತ್ತಿದ್ದೆ. ಅವರಿಗೆ ಆಸಕ್ತಿ ಇಲ್ಲ ಅಂದುಕೊಂಡಿದ್ದೆ.

ಒಂದು ದಿನ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ, ಸೈಟ್ ನೋಡಿಕೊಳ್ಳುವ ಮೇಡಂ ಪಕ್ಕದಲ್ಲಿ ಕೂತೆ. ಅವರು ಒಂದು ಪ್ರಕಟಣೆ ಹಾಕಬೇಕಿತ್ತು. ಡ್ರಾಯರಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದರು. ನನ್ನ ತರಬೇತಿಯ ದಿನ ಬರೆದುಕೊಂಡದ್ದು. ಹದಿನಾಲ್ಕು ಹೆಜ್ಜೆ, ಒಂದೊಂದಕ್ಕೂ ನಂಬರ್. ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಒಂದೊಂದೇ ಮಾಡುತ್ತಾ ಹೋದರು. ಒಂಬತ್ತನೇ ಹೆಜ್ಜೆಯ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿತ್ತು: ‘ಫುಲ್ ಎಚ್‌ಟಿಎಂಎಲ್ ಮಾಡು. ಮರೆತರೆ ಟೇಬಲ್ ಹೋಗುತ್ತೆ.’

ಅದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಡ್ರೂಪಲ್ 7ರಲ್ಲಿ ಬರಹದ ಕೆಳಗೆ ‘ಟೆಕ್ಸ್ಟ್ ಫಾರ್ಮ್ಯಾಟ್’ ಅಂತ ಒಂದು ಸಣ್ಣ ಆಯ್ಕೆ ಇರುತ್ತದೆ. ಅದು ‘ಫಿಲ್ಟರ್ಡ್ ಎಚ್‌ಟಿಎಂಎಲ್’ ಅಂತಿದ್ದರೆ, ಪುಟದ ಆಕಾರ ಹೇಳುವ ಎಚ್‌ಟಿಎಂಎಲ್ ಗುರುತುಗಳಲ್ಲಿ ಸುರಕ್ಷತೆಗಾಗಿ ಕೆಲವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ತೆಗೆದುಹಾಕುತ್ತದೆ, ಉಳಿಸಿಕೊಳ್ಳುವ ಪಟ್ಟಿಯಲ್ಲಿ ಟೇಬಲ್ ಇಲ್ಲ. ಹಾಗಾಗಿ ಅವರು ಗಂಟೆಗಟ್ಟಲೆ ಕೂತು ಟೈಪ್ ಮಾಡಿದ ವೇಳಾಪಟ್ಟಿ ಸೈಟಿನಲ್ಲಿ ಚೌಕಗಳೇ ಇಲ್ಲದೆ ಬರೀ ಅಂಕಿಗಳ ಸಾಲಾಗಿ ಕಾಣುತ್ತಿತ್ತು. ಇದು ನನಗೆ ಗೊತ್ತಿತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಎರಡು ಸಲ ಹೀಗೆ ಹಾಳು ಮಾಡಿಕೊಂಡು, ಮೇಲಿನವರ ಹತ್ತಿರ ಮಾತು ಕೇಳಿ, ಆಮೇಲೆ ಆ ಕೆಂಪು ಸಾಲು ಬರೆದುಕೊಂಡಿದ್ದರು. ‘ಸರ್, ನನಗೆ ಇದನ್ನ ಮುಟ್ಟೋಕೇ ಭಯ ಆಗುತ್ತೆ’ ಅಂದರು.

ತಪ್ಪು ಡ್ರೂಪಲ್‌ನದಲ್ಲ. ಅದು ಗಟ್ಟಿ ತಂತ್ರಾಂಶ. ನೂರಾರು ಜನ ಬೇರೆ ಬೇರೆ ಅಧಿಕಾರದಲ್ಲಿ ಬರೆಯುವ, ಹಲವು ಭಾಷೆಗಳಲ್ಲಿ ನಡೆಯುವ, ಒಂದಕ್ಕೊಂದು ಹೆಣೆದುಕೊಂಡ ಮಾಹಿತಿ ಇರುವ ದೊಡ್ಡ ಸೈಟಿಗೆ ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ. ತಿಂಗಳಿಗೆ ನಾಲ್ಕು ಪ್ರಕಟಣೆ ಹಾಕುವ, ಒಬ್ಬರೇ ನೋಡಿಕೊಳ್ಳುವ ಸೈಟಿಗೆ ಅದನ್ನು ತಂದು ಕೂರಿಸಿದ್ದು ನಾನು. ಆಯ್ಕೆ ಮಾಡುವಾಗ ನಾನು ನೋಡಿದ್ದು ನನ್ನ ಅನುಕೂಲ.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕ್ಲೈಂಟ್ ಜೊತೆ ಒಪ್ಪಂದಕ್ಕೆ ಮುಂಚೆಯೇ ಎರಡು ಸಿಎಂಎಸ್‌ಗಳನ್ನು ಖಾಲಿಯಾಗಿ ಹಾಕಿ, ಸೈಟಿನ ಬಣ್ಣ ವಿನ್ಯಾಸ ಏನೂ ಇಲ್ಲದೆ, ಮುಂದೆ ಯಾರು ಅದನ್ನು ಬಳಸುತ್ತಾರೋ ಅವರನ್ನೇ ಕರೆದು ಕೂರಿಸುತ್ತೇನೆ. ಅವರ ಕೈಗೆ ಒಂದು ಪ್ರಕಟಣೆಯ ಮಾತು, ಫೋನಿನಲ್ಲಿ ತೆಗೆದ ಒಂದು ಫೋಟೊ, ಒಂದು ಪಿಡಿಎಫ್ ಕೊಡುತ್ತೇನೆ. ಇದನ್ನು ಹಾಕಿ ಅನ್ನುತ್ತೇನೆ. ಹಾಕಿದ ಮೇಲೆ ತಾರೀಖು ತಪ್ಪಾಗಿದೆ, ತಿದ್ದಿ ಅನ್ನುತ್ತೇನೆ. ಅಷ್ಟು ಹೊತ್ತೂ ನಾನು ಬಾಯಿ ಬಿಡುವುದಿಲ್ಲ. ಇದು ಬಹಳ ಕಷ್ಟ, ಮೌಸ್ ಎಲ್ಲೋ ಅಲೆದಾಡುತ್ತಿದ್ದರೆ ‘ಅಲ್ಲಿ, ಬಲಗಡೆ’ ಅಂತ ಹೇಳಿಬಿಡೋಣ ಅನ್ನಿಸುತ್ತದೆ. ಹೇಳಬಾರದು. ನಾಳೆ ಅವರ ಪಕ್ಕದಲ್ಲಿ ನಾವಿರುವುದಿಲ್ಲ ಅಲ್ವಾ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು, ಯಾವ ಗುಂಡಿ ಒತ್ತುವ ಮುಂಚೆ ನನ್ನ ಮುಖ ನೋಡಿದರು, ಅದನ್ನಷ್ಟೇ ಬರೆದುಕೊಳ್ಳುತ್ತೇನೆ. ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯಲ್ಲಿ ಗೊತ್ತಾಗುವುದು ಇಂಟರ್‌ನೆಟ್ಟಿನಲ್ಲಿ ಸಿಗುವ ಯಾವ ಹೋಲಿಕೆ ಪಟ್ಟಿಯಿಂದಲೂ ಗೊತ್ತಾಗುವುದಿಲ್ಲ.

ಹೀಗೆ ಮಾಡಿದರೆ ಜಾಸ್ತಿ ಸಲ ವರ್ಡ್‌ಪ್ರೆಸ್ ಕಡೆಗೇ ವಾಲುತ್ತದೆ, ಅದನ್ನು ಒಪ್ಪುತ್ತೇನೆ. 2003ರಲ್ಲಿ ಬ್ಲಾಗ್ ಬರೆಯುವವರಿಗಾಗಿ ಹುಟ್ಟಿದ್ದು ಅದು. ಬರೆಯುವವರ ಕಡೆಯಿಂದ ಯೋಚಿಸಿ ಮಾಡಿದ ಗುಣ ಇವತ್ತಿಗೂ ಉಳಿದಿದೆ. ಈಗ ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ 40ಕ್ಕಿಂತ ಹೆಚ್ಚು ಅದರಲ್ಲೇ ನಡೆಯುತ್ತವೆ ಎಂದು, ಯಾವ ಸೈಟ್ ಯಾವ ತಂತ್ರಾಂಶದಲ್ಲಿದೆ ಅಂತ ಲೆಕ್ಕ ಇಡುವ ಡಬ್ಲ್ಯು3ಟೆಕ್ಸ್ ಹೇಳುತ್ತದೆ. ಎಲ್ಲರೂ ಬಳಸುತ್ತಾರೆ, ಹಾಗಾಗಿ ಒಳ್ಳೆಯದು ಅನ್ನುವುದು ವಾದವಲ್ಲ. ಆದರೆ ಆ ಅಂಕಿಯಲ್ಲಿ ಕ್ಲೈಂಟಿಗೆ ನಿಜವಾದ ಲಾಭ ಒಂದಿದೆ. ನಾಳೆ ನಾನು ಈ ಕೆಲಸ ಬಿಟ್ಟರೆ, ಊರು ಬಿಟ್ಟರೆ, ಸುಮ್ನೆ ಫೋನ್ ಎತ್ತುವುದನ್ನೇ ನಿಲ್ಲಿಸಿದರೆ, ಅವರು ಇನ್ನೊಬ್ಬರನ್ನು ಸುಲಭವಾಗಿ ಹುಡುಕಿಕೊಳ್ಳಬಹುದು. ಡೆವಲಪರ್ ಒಬ್ಬರೇ ಬರೆದ ‘ನಮ್ಮದೇ ಸ್ವಂತ ಸಿಎಂಎಸ್’ ಅಂತ ಮಾರುತ್ತಾರಲ್ಲ, ಅದನ್ನು ಕೊಂಡವರಿಗೆ ಆ ದಾರಿಯೇ ಇರುವುದಿಲ್ಲ. ಅಂಥದ್ದನ್ನು ಯಾರಿಗೂ ನಾನು ಹೇಳಲಾರೆ, ಎಷ್ಟೇ ಚೆನ್ನಾಗಿರಲಿ.

ಹಾಗಂತ ವರ್ಡ್‌ಪ್ರೆಸ್ ಹಾಕಿಕೊಟ್ಟು ಕೈ ತೊಳೆದುಕೊಂಡರೆ ಆಗಲಿಲ್ಲ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯಿಂದ ಅದರಲ್ಲಿ ಬ್ಲಾಕ್ ಎಡಿಟರ್ ಇದೆ. ಪ್ಯಾರಾ ಒಂದು ಬ್ಲಾಕ್, ಫೋಟೊ ಒಂದು ಬ್ಲಾಕ್, ಕಾಲಂ ಒಂದು ಬ್ಲಾಕ್. ಬರೆಯುವುದಕ್ಕೆ ಸುಲಭ, ಆದರೆ ಕೈ ತಪ್ಪಿ ಎಳೆದರೆ ಪುಟದ ಆಕಾರವೇ ಕೆಡುತ್ತದೆ. ಪರೀಕ್ಷೆಯಲ್ಲಿ ಒಬ್ಬರು ಫೋಟೊ ಬದಲಿಸಲು ಹೋಗಿ ಪೂರ್ತಿ ಕಾಲಂ ಅಳಿಸಿಬಿಟ್ಟರು. ಆಮೇಲೆ ‘ಅನ್‌ಡೂ’ ಎಲ್ಲಿದೆ ಅಂತ ಹುಡುಕುತ್ತಾ ಬೆವರಿದರು. ಹಾಗಾಗಿ ಅವರು ಮುಟ್ಟಬೇಕಾದ ಜಾಗ ಮಾತ್ರ ತೆರೆದಿಟ್ಟು, ಉಳಿದದ್ದಕ್ಕೆ ಬೀಗ ಹಾಕಬೇಕು. ಕಾರ್ಯಕ್ರಮ ಅಂದರೆ ಹೆಸರು, ತಾರೀಖು, ಜಾಗ, ಒಂದು ಫೋಟೊ, ಹೀಗೆ ನಾಲ್ಕು ಖಾನೆಗಳ ಫಾರಂ ಕೊಟ್ಟರೆ ಯಾರೂ ತಪ್ಪುವುದಿಲ್ಲ. ಬಿಳಿ ಹಾಳೆ ಕೊಟ್ಟು ‘ನಿಮಗೆ ಬೇಕಾದ ಹಾಗೆ ಮಾಡಿ’ ಅಂದರೆ ಒಂದು ಪುಟದಲ್ಲಿ ತಾರೀಖು ಮೇಲೆ, ಇನ್ನೊಂದರಲ್ಲಿ ಕೆಳಗೆ, ಮೂರನೆಯದರಲ್ಲಿ ಇರುವುದೇ ಇಲ್ಲ.

ಅಧಿಕಾರದ ವಿಷಯವೂ ಹೀಗೇ. ಹೊಸಬರಿಗೆ ‘ಕಾಂಟ್ರಿಬ್ಯೂಟರ್’ ಅಂತ ಲಾಗಿನ್ ಕೊಡುವುದು ರೂಢಿ, ಅವರು ಬರೆಯಬಹುದು, ಪ್ರಕಟಿಸಲು ಮೇಲಿನವರು ಒಪ್ಪಬೇಕು. ಕೇಳಲು ಸರಿಯಾಗಿದೆ. ಆದರೆ ವರ್ಡ್‌ಪ್ರೆಸ್‌ನಲ್ಲಿ ಕಾಂಟ್ರಿಬ್ಯೂಟರ್‌ಗೆ ಫೋಟೊ ಅಪ್‌ಲೋಡ್ ಮಾಡುವ ಅಧಿಕಾರವೇ ಇರುವುದಿಲ್ಲ. ಡೆಮೊ ತೋರಿಸುವಾಗ ನಾವು ಅಡ್ಮಿನ್ ಲಾಗಿನ್‌ನಲ್ಲಿ ತೋರಿಸುತ್ತೇವೆ, ಎಲ್ಲ ಗುಂಡಿಗಳೂ ಇರುತ್ತವೆ. ಕೆಲಸ ಶುರುವಾದ ದಿನ ಅವರು ಲಾಗಿನ್ ಆದರೆ ಫೋಟೊ ಹಾಕುವ ದಾರಿಯೇ ಕಾಣುವುದಿಲ್ಲ. ಆಮೇಲೆ ಏನಾಗುತ್ತದೆ ಗೊತ್ತಾ? ಅಡ್ಮಿನ್ ಪಾಸ್‌ವರ್ಡನ್ನೇ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಕೆಲಸ ಆಗಬೇಕಿತ್ತು.

ನಮ್ಮ ಲಿಪಿಯಲ್ಲಿ ಬರೆಯುವವರು ಗಮನಿಸಬೇಕಾದ ಇನ್ನೊಂದು ಸಣ್ಣ ವಿಷಯ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಪುಟದ ವಿಳಾಸ ತಯಾರಿಸುತ್ತದೆ. ಅದಕ್ಕೆ ಡೇಟಾಬೇಸಿನಲ್ಲಿ ಇರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಗುರುತೂ ವಿಳಾಸದಲ್ಲಿ ಶೇಕಡಾ ಚಿಹ್ನೆ, ಅಂಕಿ ಎಲ್ಲ ಸೇರಿ ಒಂಬತ್ತು ಅಕ್ಷರದ ಜಾಗ ತಿನ್ನುತ್ತದೆ. ಒತ್ತಕ್ಷರ, ಕೊಂಬು, ಇಳಿ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಅಂದರೆ 22 ಗುರುತು ಆಗುವಷ್ಟರಲ್ಲಿ ಜಾಗ ಮುಗಿಯಿತು, ಮೂರು ನಾಲ್ಕು ಪದ ಅಷ್ಟೇ. ಉದ್ದ ಶೀರ್ಷಿಕೆಯ ವಿಳಾಸ ಮಧ್ಯಕ್ಕೇ ತುಂಡಾಗುತ್ತದೆ. ಒಂದೇ ಥರ ಶುರುವಾಗುವ ಎರಡು ಶೀರ್ಷಿಕೆಗಳಿದ್ದರೆ ಎರಡನೆಯದರ ಬಾಲಕ್ಕೆ 2 ಅಂತ ಸೇರಿಕೊಳ್ಳುತ್ತದೆ. ಲಿಂಕ್ ಯಾರಿಗಾದರೂ ಕಳಿಸಿದರೆ ನಾಲ್ಕು ಸಾಲಿನ ಶೇಕಡಾ ಚಿಹ್ನೆಗಳ ಉದ್ದ ಸರ ಹೋಗುತ್ತದೆ. ಪರಿಹಾರ ಸುಲಭ, ವಿಳಾಸದ ಖಾನೆಯಲ್ಲಿ ಕೈಯಿಂದಲೇ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಆದರೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು. ಸಾವಿರ ಪುಟ ಆದ ಮೇಲೆ ವಿಳಾಸ ಬದಲಿಸಲು ಹೋದರೆ, ಹಳೆಯದನ್ನು ಹೊಸದಕ್ಕೆ ಜೋಡಿಸುವುದೇ ಒಂದು ದೊಡ್ಡ ಕೆಲಸ. ಹಾಗಾಗಿ ಪರೀಕ್ಷೆ ಮಾಡುವಾಗ ಇಂಗ್ಲಿಷ್ ಮಾದರಿ ಬರಹ ಹಾಕಬೇಡಿ, ಅವರು ದಿನಾ ಬರೆಯುವ ಭಾಷೆಯಲ್ಲೇ, ಅವರ ನಿಜವಾದ ಪ್ರಕಟಣೆಯನ್ನೇ ಹಾಕಿಸಿ.

ಈಗ ಇನ್ನೊಂದು ಕಡೆಗೆ ಬರುತ್ತೇನೆ. ಬಳಸುವುದು ಸುಲಭವೇ ಅಂತ ಮಾತ್ರ ನೋಡಿದರೆ ವಿಕ್ಸ್, ಸ್ಕ್ವೇರ್‌ಸ್ಪೇಸ್ ಥರದ ಸೇವೆಗಳು ಎಲ್ಲಕ್ಕಿಂತ ಮುಂದಿವೆ. ಹೋಸ್ಟಿಂಗ್ (ಸೈಟ್ ಇಡಲು ಸರ್ವರಿನಲ್ಲಿ ಜಾಗ), ಅಪ್‌ಡೇಟ್, ಬ್ಯಾಕಪ್ ಯಾವುದರ ಗೋಜೂ ಇಲ್ಲ. ತುಂಬಾ ಜನಕ್ಕೆ ಅದು ಸರಿಯಾದ ಆಯ್ಕೆಯೇ, ಡೆವಲಪರ್‌ಗಳು ಅದನ್ನು ಕೀಳಾಗಿ ನೋಡುವುದು ನನಗೆ ಇಷ್ಟವಾಗುವುದಿಲ್ಲ. ಆದರೆ ಸೇರುವ ಮುಂಚೆ ಹೊರಗೆ ಬರುವ ದಾರಿ ನೋಡಿಕೊಳ್ಳಬೇಕು. ಇಂಥ ಸೇವೆಯಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿಕೊಂಡು ಬೇರೆ ಸರ್ವರಿಗೆ ಹೋಗಲು ಆಗುವುದಿಲ್ಲ. ಬರಹದ ಸ್ವಲ್ಪ ಭಾಗ ಫೈಲಾಗಿ ಸಿಗಬಹುದು, ವಿನ್ಯಾಸ ಸಿಗುವುದಿಲ್ಲ. ಒಬ್ಬ ಕ್ಲೈಂಟ್ ಹೀಗೆ ಹೊರಗೆ ಬರಬೇಕಾದಾಗ ನಾವು ಇಬ್ಬರು ಕೂತು ಮುನ್ನೂರಕ್ಕೂ ಹೆಚ್ಚು ಪುಟಗಳನ್ನು ಒಂದೊಂದಾಗಿ ಕಾಪಿ ಮಾಡಿ ಹಾಕಿದ್ದೇವೆ. ಫೋಟೊಗಳ ಮೂಲ ಪ್ರತಿ ಅವರ ಹತ್ತಿರ ಇರಲಿಲ್ಲ, ಸೈಟಿನಿಂದ ಇಳಿಸಿಕೊಂಡ ಸಣ್ಣ ಪ್ರತಿಗಳೇ ಗತಿ.

ಮುಕ್ತ ತಂತ್ರಾಂಶದಲ್ಲೂ ಈ ಥರ ಸಿಕ್ಕಿಹಾಕಿಕೊಳ್ಳುವುದು ಇದೆ, ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಮೂಲ ತಂತ್ರಾಂಶಕ್ಕೆ ಹೊಸ ಸೌಲಭ್ಯ ಸೇರಿಸುವ ತುಣುಕಿಗೆ ಪ್ಲಗಿನ್ ಅನ್ನುತ್ತಾರೆ. ವರ್ಡ್‌ಪ್ರೆಸ್ ಮೇಲೆ ಪೇಜ್ ಬಿಲ್ಡರ್ ಅನ್ನುವ, ಪುಟದ ವಿನ್ಯಾಸ ಮಾಡುವ ಪ್ಲಗಿನ್ ಹಾಕಿ ಪುಟ ಕಟ್ಟುತ್ತಾರೆ. ನೋಡಲು ಚೆಂದ. ಎರಡು ವರ್ಷ ಬಿಟ್ಟು ಆ ಪ್ಲಗಿನ್ ತೆಗೆದರೆ ಕೆಲವು ಬಿಲ್ಡರ್‌ಗಳಲ್ಲಿ ಪುಟದ ತುಂಬಾ ಚೌಕ ಕಂಸದ ಸಂಕೇತಗಳು, ಅವುಗಳ ಮಧ್ಯೆ ಎಲ್ಲೋ ನಿಮ್ಮ ವಾಕ್ಯ. ಆಯ್ಕೆ ಮಾಡುವಾಗಲೇ ಡೆವಲಪರ್‌ಗೆ ಹೇಳಿ: ಒಂದು ಪುಟ ಕಟ್ಟಿ, ಆಮೇಲೆ ನನ್ನೆದುರೇ ಆ ಪ್ಲಗಿನ್ ಆಫ್ ಮಾಡಿ ತೋರಿಸಿ. ಎರಡು ನಿಮಿಷದ ಕೆಲಸ.

ಸುರಕ್ಷತೆಯ ಬಗ್ಗೆ ಕ್ಲೈಂಟ್‌ಗಳು ಯಾವಾಗಲೂ ಕೇಳುವ ಪ್ರಶ್ನೆ, ‘ಯಾವ ಸಿಎಂಎಸ್ ಹ್ಯಾಕ್ ಆಗಲ್ಲ?’ ಆ ಪ್ರಶ್ನೆಗೆ ಉತ್ತರ ಇಲ್ಲ. ಅಪ್‌ಡೇಟ್ ಬಂದಾಗ ಗುಂಡಿ ಒತ್ತುವವರು ಯಾರು ಅನ್ನುವುದೇ ಸರಿಯಾದ ಪ್ರಶ್ನೆ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರಲ್ಲಿ ಒಂದು ದೊಡ್ಡ ದೋಷ ಇರುವುದನ್ನು ಪ್ರಕಟಿಸಿ, ಅದೇ ದಿನ ಸರಿಪಡಿಸಿದ ಆವೃತ್ತಿ ಬಿಟ್ಟರು. ಎರಡು ವಾರದ ನಂತರ ಅವರ ಸುರಕ್ಷತಾ ತಂಡವೇ ಹೇಳಿತು, ಪ್ರಕಟಣೆಯಾದ ಏಳು ಗಂಟೆಯೊಳಗೆ ಅಪ್‌ಡೇಟ್ ಆಗದ ಸೈಟ್‌ಗಳಿಗೆ ಯಾರೋ ನುಗ್ಗಿದ್ದಾರೆ ಎಂದೇ ತಿಳಿದು ಮುಂದುವರಿಯಿರಿ ಅಂತ. ಏಳೇ ಗಂಟೆ! ವರ್ಡ್‌ಪ್ರೆಸ್ 2013ರ 3.7 ಆವೃತ್ತಿಯಿಂದ ಸಣ್ಣ ಸುರಕ್ಷತಾ ಅಪ್‌ಡೇಟ್‌ಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ, ಒಳ್ಳೆಯದು. ಆದರೆ ಅಲ್ಲಿ ತೊಂದರೆ ಜಾಸ್ತಿ ಬರುವುದು ಮೂಲ ತಂತ್ರಾಂಶದಿಂದ ಅಲ್ಲ, ಅದರ ಮೇಲೆ ಹೇರಿದ ಪ್ಲಗಿನ್‌ಗಳಿಂದ. ಒಂದು ಫಾರಂಗೆ ಒಂದು, ಸ್ಲೈಡರ್‌ಗೆ ಒಂದು, ಹೀಗೆ ಮೂವತ್ತು ನಲವತ್ತು ಪ್ಲಗಿನ್ ಇರುವ ಸೈಟನ್ನು ಯಾರು ಕಾಯುತ್ತಾರೆ? ಕಾಯುವವರಿಲ್ಲದಿದ್ದರೆ ಅಷ್ಟು ಪ್ಲಗಿನ್ ಬೇಡ, ಅಥವಾ ಆ ಸೈಟಿಗೆ ಸಿಎಂಎಸ್ಸೇ ಬೇಡ.

ಹೌದು, ಸಿಎಂಎಸ್ಸೇ ಬೇಡದ ಸೈಟ್‌ಗಳೂ ಇವೆ. ಐದು ಪುಟ, ವರ್ಷಕ್ಕೆ ಒಂದೆರಡು ಸಲ ಬದಲಾಗುವ ಫೋನ್ ನಂಬರ್, ಅಷ್ಟೇ ಇದ್ದರೆ ಹ್ಯೂಗೊ, ಜೆಕಿಲ್ ಥರದ ಸಾಧನದಲ್ಲಿ ಬರೀ ಎಚ್‌ಟಿಎಂಎಲ್ ಪುಟ ಮಾಡಿಟ್ಟರೆ ಸಾಕು. ಡೇಟಾಬೇಸ್ ಇಲ್ಲ, ಲಾಗಿನ್ ಪುಟ ಇಲ್ಲ, ಬೇಗ ತೆರೆಯುತ್ತದೆ. ನಾನು ಇಂಥ ಸೈಟ್ ಹಲವು ಮಾಡಿಕೊಟ್ಟಿದ್ದೇನೆ, ವರ್ಷಗಟ್ಟಲೆ ಒಂದು ತೊಂದರೆಯೂ ಬಂದಿಲ್ಲ. ಆದರೆ ದಿನಾ ಬರೆಯುವವರಿಗೆ ಇದನ್ನು ಕೊಟ್ಟು, ಡೆವಲಪರ್‌ಗಳು ಕೋಡಿನ ಬದಲಾವಣೆ ಕಾಪಾಡಲು ಬಳಸುವ ‘ಗಿಟ್ ಕಲಿಯಿರಿ’ ಅನ್ನುವುದು ಅನ್ಯಾಯ.

ಈಗ ಎಲ್ಲರ ಬಾಯಲ್ಲೂ ಇರುವ ‘ಹೆಡ್‌ಲೆಸ್’ ಸಿಎಂಎಸ್ ಬಗ್ಗೆಯೂ ಒಂದು ಮಾತು. ಬರಹ ಒಂದು ಕಡೆ, ತೋರಿಸುವ ಸೈಟ್ ಇನ್ನೊಂದು ಕಡೆ. ಅದೇ ಬರಹ ವೆಬ್‌ಸೈಟಿಗೂ, ಮೊಬೈಲ್ ಆ್ಯಪಿಗೂ, ಇನ್ನೆಲ್ಲಿಗೋ ಹೋಗಬೇಕಾದಾಗ ಬಹಳ ಉಪಯೋಗ. ಒಂದೇ ಒಂದು ಸೈಟ್ ಇರುವವರಿಗೆ ಮಾತ್ರ ಅದು ಭಾರ. ಬರೆಯುವವರು ಮೊದಲು ಒತ್ತುವ ಗುಂಡಿ ‘ಪ್ರಿವ್ಯೂ’. ಹೆಡ್‌ಲೆಸ್‌ನಲ್ಲಿ ಅದನ್ನು ಡೆವಲಪರ್ ಬೇರೆಯಾಗಿ ಕೂತು ಜೋಡಿಸಬೇಕು. ಸಮಯ ಕಡಿಮೆ ಬಿದ್ದಾಗ ಮೊದಲು ಕೈಬಿಡುವುದೂ ಅದನ್ನೇ. ಆಮೇಲೆ ಅವರು ಕಣ್ಣುಮುಚ್ಚಿಕೊಂಡು ಪ್ರಕಟಿಸಿ, ಸೈಟಿಗೆ ಹೋಗಿ ನೋಡಿ, ಓಡಿ ಬಂದು ತಿದ್ದಬೇಕು.

ಸೈಟ್ ಮಾಡಿಸುವವರಿಗೆ ಇನ್ನೂ ಒಂದು ಕಿವಿಮಾತು. ಯಾವ ಸಿಎಂಎಸ್ ಆದರೂ ಸರಿ, ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಲಿ, ಅಡ್ಮಿನ್ ಲಾಗಿನ್ ಒಂದು ನಿಮ್ಮ ಕೈಯಲ್ಲಿರಲಿ. ಬ್ಯಾಕಪ್ ಇದೆ ಅಂದರೆ ನಂಬಬೇಡಿ, ವರ್ಷಕ್ಕೊಮ್ಮೆ ಆ ಬ್ಯಾಕಪ್‌ನಿಂದ ಸೈಟ್ ಎಬ್ಬಿಸಿ ತೋರಿಸಿ ಅನ್ನಿ. ಆ ಆವೃತ್ತಿಗೆ ಬೆಂಬಲ ಎಲ್ಲಿಯವರೆಗೆ ಇದೆ ಅಂತಲೂ ಕೇಳಿ. 2011ರ ಜನವರಿಯಲ್ಲಿ ಬಂದ ಡ್ರೂಪಲ್ 7ಕ್ಕೆ 2025ರ ಜನವರಿ 5ಕ್ಕೆ ಬೆಂಬಲ ಮುಗಿಯಿತು. ಅದರಿಂದ 8ಕ್ಕೆ ಅಥವಾ ಆಮೇಲಿನದಕ್ಕೆ ಹೋಗುವುದು ಅಪ್‌ಡೇಟ್ ಅಲ್ಲ, ಹೆಚ್ಚುಕಡಿಮೆ ಸೈಟನ್ನು ಮತ್ತೆ ಕಟ್ಟುವ ಕೆಲಸ. ಇದು ಮುಂಚೆ ಗೊತ್ತಿದ್ದರೆ ಹಣ ಎತ್ತಿಡಬಹುದು.

ಆ ನೋಟ್‌ಬುಕ್ಕಿನ ಮೇಡಂ ಸಂಸ್ಥೆಯ ಸೈಟನ್ನು ಕೊನೆಗೆ ವರ್ಡ್‌ಪ್ರೆಸ್‌ಗೆ ಬದಲಿಸಿದೆವು. ಈ ಸಲ ಮೊದಲ ಮೀಟಿಂಗಿನಲ್ಲೇ ಅವರನ್ನು ಕರೆಸಿದೆ. ಅವರು ಕೇಳಿದ ಮೊದಲ ಪ್ರಶ್ನೆ ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ: ‘ಸರ್, ನಾನು ರಜೆ ಹಾಕಿದ ದಿನ ಪ್ರಕಟಣೆ ತಾನಾಗೇ ಹೋಗೋ ಹಾಗೆ ಮೊದಲೇ ಇಟ್ಟಿರಬಹುದಾ?’ ಇಡಬಹುದು, ಪ್ರಕಟಿಸುವ ದಿನ, ಹೊತ್ತು ಎರಡನ್ನೂ ಮೊದಲೇ ಹಾಕಿಡುವ ಜಾಗ ವರ್ಡ್‌ಪ್ರೆಸ್‌ನಲ್ಲಿದೆ, ತೋರಿಸಿದೆ. ಎರಡನೆಯದು, ‘ಮುಗಿದು ಹೋದ ಕಾರ್ಯಕ್ರಮ ತಾನಾಗೇ ಕೆಳಗೆ ಇಳಿಯುತ್ತಾ?’ ಅದು ಇರಲಿಲ್ಲ. ತಾರೀಖಿನ ಖಾನೆ ಸೇರಿಸಿ, ದಿನ ದಾಟಿದ ಮೇಲೆ ಹಳೆಯ ಪಟ್ಟಿಗೆ ಹೋಗುವ ಹಾಗೆ ಮಾಡಿಕೊಟ್ಟೆ. ಅರ್ಧ ದಿನದ ಕೆಲಸ. ಮೊದಲ ಸಲವೇ ಅವರನ್ನು ಕೇಳಿದ್ದರೆ ಹಳೆಯ ಸೈಟಿನಲ್ಲೂ ಮಾಡಿಕೊಡಬಹುದಿತ್ತು.

ಸಂಪಾದಕರೇ, ತಂತ್ರಾಂಶಗಳ ಹೋಲಿಕೆ, ವೇಗದ ಅಂಕಿ ಎಲ್ಲ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಸೈಟ್‌ಗಳ ಒಳಗೆ ಕೂತು ಪ್ರಕಟಣೆ ಹಾಕುವ ಗುಮಾಸ್ತರು, ಶಿಕ್ಷಕರು, ಸ್ವಯಂಸೇವಕರು ಇವರ ಅನುಭವ ಎಲ್ಲೂ ಬರುವುದಿಲ್ಲ. ನಿಮ್ಮ ಓದುಗರ ಅಂಕಣದಲ್ಲಿ ಅವರಿಗೆ ಒಂದು ಸಲ ಕರೆ ಕೊಡಿ. ಯಾವ ಸಿಎಂಎಸ್, ದಿನಕ್ಕೆ ಎಷ್ಟು ಹೊತ್ತು, ಯಾವ ಗುಂಡಿ ಕಂಡರೆ ಭಯ, ಅಷ್ಟು ಬರೆದು ಕಳಿಸಲಿ. ನಮ್ಮಂಥವರು ಅದನ್ನು ಕತ್ತರಿಸಿ ಇಟ್ಟುಕೊಂಡು ಮುಂದಿನ ಮೀಟಿಂಗಿಗೆ ತೆಗೆದುಕೊಂಡು ಹೋಗುತ್ತೇವೆ.

ಇಂತಿ,
ವೆಬ್‌ಸೈಟ್ ಕಟ್ಟುವ ಒಬ್ಬ ಓದುಗ